ಒಂದೇ ಒಂದು ಕಾಲಂ ಸೇರಿಸಿದ್ದಕ್ಕೆ ಸೈಟ್ ಯಾಕೆ ನಿಂತಿತು?

ಪ್ರಶ್ನೆ: ನಾವು ಮೈಸೂರಿನಲ್ಲಿ ಎಂಟು ಜನ ಡೆವಲಪರ್‌ಗಳ ತಂಡ. ಸೈಟ್ ಕಟ್ಟಲು ಪೈಥಾನ್‌ನ ಜಾಂಗೋ 4.2, ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್ 15 ಬಳಸುತ್ತೇವೆ. ಎಲ್ಲರೂ ತಮ್ಮ ತಮ್ಮ ಬ್ರಾಂಚ್‌ನಲ್ಲಿ (ಕೋಡ್‌ನ ತಮ್ಮದೇ ಕವಲಿನಲ್ಲಿ) ಮೈಗ್ರೇಷನ್, ಅಂದರೆ ಡೇಟಾಬೇಸ್ ಬದಲಿಸುವ ಫೈಲ್, ಬರೆಯುತ್ತಾರೆ. ಅವನ್ನು ಒಂದಾಗಿ ಕೂಡಿಸುವಾಗ, ಅಂದರೆ ಮರ್ಜ್ ಮಾಡುವಾಗ, ವಾರಕ್ಕೊಮ್ಮೆಯಾದರೂ ಗಲಾಟೆ ಆಗುತ್ತದೆ. ಅದು ಹೋಗಲಿ ಅಂದರೆ, ಹೋದ ತಿಂಗಳು ಆರ್ಡರ್ ಟೇಬಲ್‌ಗೆ ಒಂದು ಕಾಲಂ ಸೇರಿಸಿದೆವು. ನಲ್ (ಬೆಲೆಯೇ ಇಲ್ಲದ ಸ್ಥಿತಿ) ಬಿಡುವುದಿಲ್ಲ, ಡೀಫಾಲ್ಟ್ ಖಾಲಿ ಸ್ಟ್ರಿಂಗ್ (ಅಕ್ಷರವಿಲ್ಲದ ಪಠ್ಯ). ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟ ನಕಲು ಸೈಟ್) ಒಂದು ಸೆಕೆಂಡೂ ಹಿಡಿಯಲಿಲ್ಲ. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ಕಡೆ, ಸೈಟ್ ಏಳೆಂಟು ನಿಮಿಷ ಪೂರ್ತಿ ನಿಂತುಹೋಯಿತು. ಸೈಟ್ ಮತ್ತೆ ಎದ್ದ ಮೇಲೂ ಡೆಪ್ಲಾಯ್ (ಹೊಸ ಕೋಡನ್ನು ಸರ್ವರ್‌ಗಳಿಗೆ ಹಾಕುವುದು) ಮುಗಿಯುವವರೆಗೆ ಹೊಸ ಆರ್ಡರ್‌ಗಳು ಸೇವ್ ಆಗದೆ ಎರರ್ ಬರುತ್ತಿತ್ತು. ಈಗ ಮ್ಯಾನೇಜರ್ ‘ಡೇಟಾಬೇಸ್ ಬದಲಾವಣೆ ಎಲ್ಲ ಇನ್ನು ಮೇಲೆ ಒಬ್ಬರೇ ಮಾಡಲಿ’ ಅನ್ನುತ್ತಿದ್ದಾರೆ. ಇದು ಸರಿನಾ? ಪ್ರತಿ ಮೈಗ್ರೇಷನ್‌ಗೂ ರೋಲ್‌ಬ್ಯಾಕ್ (ವಾಪಸ್ ಹೋಗುವ ಹೆಜ್ಜೆ) ಬರೆಯಲೇಬೇಕಾ? ಹಳೆಯ ಮುನ್ನೂರು ಮೈಗ್ರೇಷನ್ ಫೈಲ್‌ಗಳನ್ನು ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮರ್ಜ್ ಗಲಾಟೆ ಒಂದು. ಸೈಟ್ ನಿಂತಿದ್ದು ಇನ್ನೊಂದು. ಆಮೇಲೆ ಆರ್ಡರ್ ಸೇವ್ ಆಗದೆ ಹೋದದ್ದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎಲ್ಲ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದರೆ ಈ ಮೂರರಲ್ಲಿ ಒಂದೂ ಸರಿಹೋಗುವುದಿಲ್ಲ. ಆ ಒಬ್ಬರು ಬರೆದಿದ್ದರೂ ಅದೇ ಫೈಲ್ ಬರೆಯುತ್ತಿದ್ದರು, ಸೈಟ್ ಅಷ್ಟೇ ಹೊತ್ತು ನಿಲ್ಲುತ್ತಿತ್ತು.

ಮರ್ಜ್ ವಿಷಯ ಬೇಗ ಮುಗಿಸಿಬಿಡೋಣ. ಅದು ತಲೆನೋವು ಅಷ್ಟೇ, ಅಪಾಯ ಅಲ್ಲ.

ಜಾಂಗೋದ ಪ್ರತಿ ಮೈಗ್ರೇಷನ್ ಫೈಲ್‌ನಲ್ಲೂ ‘ನನಗಿಂತ ಮುಂಚೆ ಇದು ಓಡಿರಬೇಕು’ ಅಂತ ಒಂದು ಸಾಲು ಇರುತ್ತದೆ. ನೀವೂ ನಿಮ್ಮ ಸಹೋದ್ಯೋಗಿಯೂ ಇಬ್ಬರೂ 41ನೇ ಫೈಲ್‌ನ ಮೇಲೆ ಕೂತು ತಲಾ ಒಂದು 42ನೇ ಫೈಲ್ ಮಾಡಿದಿರಿ ಅಂದುಕೊಳ್ಳಿ. ಎರಡೂ ಮೇನ್‌ಗೆ (ಎಲ್ಲರ ಕೋಡ್ ಸೇರುವ ಮುಖ್ಯ ಬ್ರಾಂಚ್) ಬಂದಾಗ ಕೊನೆಯ ತುದಿ ಎರಡಾಗುತ್ತದೆ. ಜಾಂಗೋ ‘ಯಾವುದು ಮೊದಲು?’ ಅಂತ ಕೇಳಿ ನಿಂತುಬಿಡುತ್ತದೆ. ನಿಲ್ಲುವುದೇ ಒಳ್ಳೆಯದು. ಸುಮ್ನೆ ಯಾವುದೋ ಒಂದು ಕ್ರಮದಲ್ಲಿ ಓಡಿಸಿದ್ದರೆ ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ರೀತಿಯ ಡೇಟಾಬೇಸ್ ಇರುತ್ತಿತ್ತು.

ಈ ಸಮಸ್ಯೆ ಜಾಂಗೋಗೆ ಮಾತ್ರ ಅಂಟಿದ್ದಲ್ಲ. ಜಾಂಗೋದಂಥದ್ದೇ ಇನ್ನೊಂದು ಚೌಕಟ್ಟಾದ ರೇಲ್ಸ್‌ನವರು 2008ರಲ್ಲಿ, 2.1 ಆವೃತ್ತಿಯಲ್ಲಿ, 1-2-3 ಅನ್ನುವ ಸಂಖ್ಯೆ ಬಿಟ್ಟು ಫೈಲ್ ಹೆಸರಿಗೆ ದಿನಾಂಕ ಮತ್ತು ಸಮಯ ಹಾಕತೊಡಗಿದರು. ಹೆಸರು ಡಿಕ್ಕಿ ಹೊಡೆಯುವುದು ನಿಂತಿತು. ಆದರೆ ಮೊನ್ನೆ ಬರೆದ ಫೈಲ್ ನಿನ್ನೆ ಬರೆದ ಫೈಲ್ ಆದಮೇಲೆ ಮರ್ಜ್ ಆದರೆ ಯಾವುದು ಮೊದಲು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಪೈಥಾನ್‌ನ ಇನ್ನೊಂದು ಮೈಗ್ರೇಷನ್ ಸಲಕರಣೆ ಅಲೆಂಬಿಕ್‌ನಲ್ಲೂ ಎರಡು ತಲೆ ಹುಟ್ಟುತ್ತವೆ, ಕೂಡಿಸಬೇಕಾಗುತ್ತದೆ.

ಎರಡು ಬದಲಾವಣೆಗಳು ಬೇರೆ ಬೇರೆ ಟೇಬಲ್ ಮುಟ್ಟುತ್ತಿದ್ದರೆ, ಮೈಗ್ರೇಷನ್ ಫೈಲ್ ಹುಟ್ಟಿಸುವ ‘ಮೇಕ್‌ಮೈಗ್ರೇಷನ್ಸ್’ ಕಮಾಂಡ್‌ಗೆ ಮರ್ಜ್ ಆಯ್ಕೆ ಕೊಟ್ಟು ಕೂಡಿಸಿದರೂ ನಡೆಯುತ್ತದೆ. ಆದರೆ ನನ್ನ ಸಲಹೆ ಬೇರೆ. ಹಿಂದೆ ಉಳಿದವರು ತಮ್ಮ ಫೈಲನ್ನು ಮತ್ತೆ ಮಾಡಿಕೊಳ್ಳಲಿ. ಮೊದಲು ನಿಮ್ಮ ಲೋಕಲ್ ಡೇಟಾಬೇಸನ್ನು 41ಕ್ಕೆ ವಾಪಸ್ ತನ್ನಿ. ಆಮೇಲೆ ನಿಮ್ಮ 42 ಅಳಿಸಿ, ಮೇನ್ ಎಳೆದುಕೊಂಡು, ಹೊಸದಾಗಿ 43 ಮಾಡಿ. ಈ ಕ್ರಮ ತಪ್ಪಿಸಬೇಡಿ. ಫೈಲ್ ಮೊದಲು ಅಳಿಸಿಬಿಟ್ಟರೆ ಕಾಲಂ ಡೇಟಾಬೇಸ್‌ನಲ್ಲಿ ಉಳಿದಿರುತ್ತದೆ, ಅದನ್ನು ತೆಗೆಯುವ ಫೈಲ್ ಇರುವುದಿಲ್ಲ. ಕೈಯಲ್ಲಿ ಬರೆದ ಡೇಟಾ ಮೈಗ್ರೇಷನ್ ಆಗಿದ್ದರೆ ಮಾತ್ರ ಅಳಿಸಬೇಡಿ, ಅದು ತಾನಾಗಿ ಮತ್ತೆ ಹುಟ್ಟುವುದಿಲ್ಲ. ಹೆಸರು ಮತ್ತು ಆ ‘ಮುಂಚೆ’ ಸಾಲು ಬದಲಿಸಿ.

‘ಜಾಂಗೋ-ಲೀನಿಯರ್-ಮೈಗ್ರೇಷನ್ಸ್’ ಅನ್ನುವ ಪುಟ್ಟ ಪ್ಯಾಕೇಜ್ ಇದೆ. ಅದು ಪ್ರತಿ ಆಪ್‌ನಲ್ಲೂ (ಜಾಂಗೋ ಪ್ರಾಜೆಕ್ಟ್‌ನ ಒಂದೊಂದು ಭಾಗ) ಕೊನೆಯ ಮೈಗ್ರೇಷನ್‌ನ ಹೆಸರಿರುವ ಒಂದು ಸಾಲಿನ ಫೈಲ್ ಇಡುತ್ತದೆ. ಇಬ್ಬರು ಮೈಗ್ರೇಷನ್ ಮಾಡಿದರೆ ಆ ಸಾಲಿನಲ್ಲೇ ಗಿಟ್ ಕಾನ್ಫ್ಲಿಕ್ಟ್ ಬರುತ್ತದೆ. ಅಂದರೆ ಮರ್ಜ್ ಆದಮೇಲೆ ಗೊತ್ತಾಗುವುದು ಮರ್ಜ್‌ಗೆ ಮೊದಲೇ ಗೊತ್ತಾಗುತ್ತದೆ. ಎಂಟು ಜನರ ತಂಡಕ್ಕೆ ಇಷ್ಟು ಸಾಕು.

ಜೊತೆಗೆ ಸಿಐನಲ್ಲಿ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಎರಡು ಕೆಲಸ ಇಡಿ. ಮಾಡೆಲ್ (ಟೇಬಲನ್ನು ವಿವರಿಸುವ ಪೈಥಾನ್ ಕೋಡ್) ಬದಲಿಸಿ ಮೈಗ್ರೇಷನ್ ಮರೆತವರನ್ನು ಹಿಡಿಯಲು ‘ಮೇಕ್‌ಮೈಗ್ರೇಷನ್ಸ್’ಗೆ ಚೆಕ್ ಆಯ್ಕೆ. ಮತ್ತೆ ಖಾಲಿ ಡೇಟಾಬೇಸ್‌ನಿಂದ ಶುರುಮಾಡಿ ಎಲ್ಲ ಮೈಗ್ರೇಷನ್ ಓಡಿಸುವುದು. ಅದೂ ಪೋಸ್ಟ್‌ಗ್ರೆಸ್ ಮೇಲೆ. ಸಿಐನಲ್ಲಿ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಇಟ್ಟು ಪ್ರೊಡಕ್ಷನ್‌ನಲ್ಲಿ ಪೋಸ್ಟ್‌ಗ್ರೆಸ್ ಓಡಿಸುವವರು ಇನ್ನೂ ಇದ್ದಾರೆ, ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಒಂದು ಕಟ್ಟುನಿಟ್ಟು: ಮೇನ್‌ಗೆ ಹೋದ ಮೈಗ್ರೇಷನ್ ಫೈಲನ್ನು ತಿದ್ದಬಾರದು. ಫ್ಲೈವೇ ಅನ್ನುವ ಮೈಗ್ರೇಷನ್ ಸಲಕರಣೆ ಆದರೆ ಪ್ರತಿ ಫೈಲ್‌ನ ಚೆಕ್‌ಸಮ್ (ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಇಟ್ಟುಕೊಂಡು, ತಿದ್ದಿದರೆ ತಕರಾರು ತೆಗೆಯುತ್ತದೆ. ಜಾಂಗೋ ತನ್ನ ಟೇಬಲ್‌ನಲ್ಲಿ ಹೆಸರು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಒಳಗೆ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ. ನೀವು ತಿದ್ದಿದರೆ ಪ್ರೊಡಕ್ಷನ್‌ನಲ್ಲಿ ಹಳೆಯದು ಓಡಿರುತ್ತದೆ, ಹೊಸಬರ ಲ್ಯಾಪ್‌ಟಾಪ್‌ನಲ್ಲಿ ಹೊಸದು ಓಡುತ್ತದೆ, ಯಾರೂ ಎಚ್ಚರಿಸುವುದಿಲ್ಲ. ತಪ್ಪಿದ್ದರೆ ಮುಂದಿನ ಮೈಗ್ರೇಷನ್ ಬರೆದು ಸರಿಪಡಿಸಿ.

ಈಗ ಸೈಟ್ ನಿಂತಿದ್ದಕ್ಕೆ ಬರೋಣ.

ಬಹಳ ಜನ ಅಂದುಕೊಳ್ಳುವುದು: ಟೇಬಲ್ ದೊಡ್ಡದಿತ್ತು, ಪ್ರತಿ ಸಾಲಿಗೂ ಡೀಫಾಲ್ಟ್ ಬರೆಯಲು ಹೊತ್ತು ಹಿಡಿಯಿತು. ಪೋಸ್ಟ್‌ಗ್ರೆಸ್ 10ರವರೆಗೆ ಇದು ನಿಜವೇ. 2018ರಲ್ಲಿ ಬಂದ 11ನೇ ಆವೃತ್ತಿಯಿಂದ ಹಾಗಿಲ್ಲ. ಡೀಫಾಲ್ಟ್ ಬದಲಾಗದ ಒಂದು ಬೆಲೆಯಾಗಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಕ್ಯಾಟಲಾಗ್‌ನಲ್ಲಿ (ಟೇಬಲ್‌ಗಳ ಬಗೆಗಿನ ತನ್ನ ಒಳ ದಾಖಲೆ) ಒಂದು ಸಲ ಬರೆದಿಟ್ಟು ಸುಮ್ಮನಾಗುತ್ತದೆ. ಹಳೆಯ ಸಾಲುಗಳನ್ನು ಓದುವಾಗ ಅಲ್ಲಿಂದ ತುಂಬಿಕೊಡುತ್ತದೆ. ನಾಲ್ಕು ಸಾಲಿನ ಟೇಬಲ್ ಆಗಲಿ, ನಾಲ್ಕು ಕೋಟಿ ಸಾಲಿನದಾಗಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಪ್ರತಿ ಸಾಲಿಗೂ ಬೇರೆ ಬೇರೆ ಬೆಲೆ ಬರುವ ಡೀಫಾಲ್ಟ್ ಆದರೆ, ಉದಾಹರಣೆಗೆ ಡೇಟಾಬೇಸ್‌ನಲ್ಲೇ ಹುಟ್ಟುವ ಯುಯುಐಡಿ (ಮತ್ತೆ ಬಾರದ ಗುರುತು ಸಂಖ್ಯೆ), ಆಗ ಇವತ್ತಿಗೂ ಇಡೀ ಟೇಬಲ್ ಹೊಸದಾಗಿ ಬರೆಯಲೇಬೇಕು. ನಿಮ್ಮದು ಖಾಲಿ ಸ್ಟ್ರಿಂಗ್, ಆವೃತ್ತಿ 15. ಹಾಗಾಗಿ ಕೆಲಸಕ್ಕೆ ಹೊತ್ತು ಹಿಡಿದಿಲ್ಲ. ಹೊತ್ತು ಹೋಗಿದ್ದು ಕಾಯುವುದರಲ್ಲಿ.

ಟೇಬಲ್‌ನ ರಚನೆ ಬದಲಿಸುವ ‘ಆಲ್ಟರ್ ಟೇಬಲ್’ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಆ ಟೇಬಲ್ ಮೇಲೆ ‘ಆಕ್ಸೆಸ್ ಎಕ್ಸ್‌ಕ್ಲೂಸಿವ್’ ಲಾಕ್ ಬೇಕು. ಹೆಸರೇ ಹೇಳುವಂತೆ ಆ ಹೊತ್ತಿಗೆ ಬೇರೆ ಯಾರೂ ಇರಬಾರದು, ಓದುವವರೂ ಇರಬಾರದು. ಒಂದು ಸಾದಾ ಸೆಲೆಕ್ಟ್ (ಓದುವ ಆದೇಶ) ಓಡುತ್ತಿದ್ದರೂ ಅದು ಮುಗಿಯುವವರೆಗೆ ಆಲ್ಟರ್ ಕಾಯುತ್ತದೆ. ಅದು ಕಾಯಲಿ, ನಮಗೇನು ಅನ್ನಿಸಬಹುದು. ತೊಂದರೆ ಇರುವುದು ಅದರ ಹಿಂದೆ. ಕಿರಿದಾದ ಸೇತುವೆಯ ಬಾಯಲ್ಲಿ ಒಂದು ದೊಡ್ಡ ಟ್ರೈಲರ್ ಬಂದು, ಸೇತುವೆ ಪೂರ್ತಿ ಖಾಲಿಯಾಗಲಿ ಅಂತ ನಿಂತರೆ, ಅದರ ಹಿಂದೆ ಬಂದ ಸ್ಕೂಟರ್, ಆಟೋ ಎಲ್ಲವೂ ನಿಲ್ಲಬೇಕಲ್ಲ, ಹಾಗೆ. ಸ್ಕೂಟರ್‌ಗೆ ಸೇತುವೆ ಮೇಲೆ ಜಾಗ ಇದೆ, ಆದರೆ ಮುಂದೆ ಟ್ರೈಲರ್ ಇದೆ. ಆಲ್ಟರ್‌ನ ಹಿಂದೆ ಬಂದ ಪ್ರತಿ ಸೆಲೆಕ್ಟ್, ಪ್ರತಿ ಇನ್ಸರ್ಟ್ (ಹೊಸ ಸಾಲು ಸೇರಿಸುವ ಆದೇಶ) ಸರತಿಯಲ್ಲಿ ನಿಲ್ಲುತ್ತದೆ. ಒಂದೆರಡು ನಿಮಿಷದಲ್ಲಿ ಕನೆಕ್ಷನ್‌ಗಳೆಲ್ಲ ತುಂಬಿಹೋಗುತ್ತವೆ. ಆಮೇಲೆ ಆರ್ಡರ್ ಟೇಬಲ್ ಮುಟ್ಟದ ಪುಟಗಳೂ ತೆರೆಯುವುದಿಲ್ಲ.

ಹಾಗಾದರೆ ಸೇತುವೆ ಮೇಲೆ ಮೊದಲೇ ಇದ್ದವರು ಯಾರು? ಯಾರೋ ಓಡಿಸುತ್ತಿದ್ದ ದೊಡ್ಡ ರಿಪೋರ್ಟ್ ಇರಬಹುದು. ಬ್ಯಾಕಪ್‌ಗೆ ಅಂತ ‘ಪಿಜಿ ಡಂಪ್’ ಕಮಾಂಡ್ ಓಡುತ್ತಿದ್ದಿರಬಹುದು, ಅದು ಮುಗಿಯುವವರೆಗೆ ಎಲ್ಲ ಟೇಬಲ್‌ಗಳ ಮೇಲೂ ಓದುವ ಲಾಕ್ ಹಿಡಿದಿರುತ್ತದೆ. ಅಥವಾ ಯಾರೋ ಪಿಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ನೇರ ಆದೇಶ ಕೊಡುವ ಕಿಟಕಿ) ತೆರೆದು, ಬಿಗಿನ್ ಅಂತ ಹೊಡೆದು, ಏನೋ ನೋಡಿ, ಕಮಿಟ್ ಮಾಡದೆ ಕಾಫಿಗೆ ಹೋಗಿರಬಹುದು. ಈ ಕೊನೆಯದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ನಡೆಯುತ್ತದೆ. ಸ್ಟೇಜಿಂಗ್‌ನಲ್ಲಿ ಇವರ‍್ಯಾರೂ ಇಲ್ಲ, ಅದಕ್ಕೇ ಅಲ್ಲಿ ಒಂದು ಸೆಕೆಂಡೂ ಹಿಡಿಯಲಿಲ್ಲ. ಸ್ಟೇಜಿಂಗ್‌ಗೆ ಪ್ರೊಡಕ್ಷನ್‌ನಷ್ಟೇ ಡೇಟಾ ಹಾಕಿದ್ದರೂ ಇದು ಕಾಣುತ್ತಿರಲಿಲ್ಲ. ಅಲ್ಲಿ ಕೊರತೆ ಇದ್ದದ್ದು ಡೇಟಾ ಅಲ್ಲ, ಜನ.

ಮದ್ದು ಒಂದೇ ಸಾಲಿನದು. ಮೈಗ್ರೇಷನ್ ಓಡಿಸುವ ಕನೆಕ್ಷನ್‌ಗೆ ‘ಲಾಕ್ ಟೈಮ್‌ಔಟ್’ ಕೊಡಿ. ಎರಡು ಮೂರು ಸೆಕೆಂಡ್ ಸಾಕು. ಅಷ್ಟರಲ್ಲಿ ಲಾಕ್ ಸಿಗದಿದ್ದರೆ ಆಲ್ಟರ್ ಸೋತು ಹಿಂದೆ ಸರಿಯುತ್ತದೆ, ಕಾಯುತ್ತಿದ್ದವರೆಲ್ಲ ಮುಂದೆ ಹೋಗುತ್ತಾರೆ. ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಹತ್ತು ಸಲ ಸೋತರೂ ಪರವಾಗಿಲ್ಲ, ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇದರ ಡೀಫಾಲ್ಟ್ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಇನ್ನೊಂದು ಡೇಟಾಬೇಸ್ ಆದ ಮೈಸೀಕ್ವೆಲ್‌ನಲ್ಲಿ ಇಂಥದ್ದೇ ಸೆಟ್ಟಿಂಗ್‌ನ ಡೀಫಾಲ್ಟ್ 31536000 ಸೆಕೆಂಡ್. ಲೆಕ್ಕ ಹಾಕಿ ನೋಡಿ, ಸರಿಯಾಗಿ ಒಂದು ವರ್ಷ!

ನನಗೆ ಇಷ್ಟವಾದ ದಾರಿ ಅಂದರೆ ಮೈಗ್ರೇಷನ್‌ಗೇ ಒಂದು ಬೇರೆ ಡೇಟಾಬೇಸ್ ಯೂಸರ್ ಮಾಡಿ, ಆ ಯೂಸರ್‌ಗೆ ಈ ಟೈಮ್‌ಔಟ್ ಕಾಯಂ ಆಗಿ ಅಂಟಿಸಿಡುವುದು. ಆಗ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಕಮಿಟ್ ಮಾಡದೆ ಕಾಫಿಗೆ ಹೋಗುವವರಿಗೆ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಟೈಮ್‌ಔಟ್ ಹಾಕಿ, ಅದೂ ಡೀಫಾಲ್ಟ್ ಆಗಿ ಆಫ್ ಇರುತ್ತದೆ. ‘ಲಾಗ್ ಲಾಕ್ ವೇಟ್ಸ್’ ಆನ್ ಮಾಡಿದರೆ ಯಾರು ಯಾರಿಗಾಗಿ ಕಾದರು ಅಂತ ಲಾಗ್‌ನಲ್ಲಿ ಬರುತ್ತದೆ. ಮುಂದಿನ ಸಲ ಊಹೆ ಮಾಡುವ ಕೆಲಸ ತಪ್ಪುತ್ತದೆ.

ಲಾಕ್ ಬಗ್ಗೆ ಇನ್ನೊಂದು ಮಾತು. ಪೋಸ್ಟ್‌ಗ್ರೆಸ್ ಮೇಲೆ ಜಾಂಗೋ ಒಂದು ಮೈಗ್ರೇಷನ್ ಫೈಲನ್ನು ಪೂರ್ತಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕಟ್ಟು) ಓಡಿಸುತ್ತದೆ. ಮಧ್ಯೆ ಏನಾದರೂ ತಪ್ಪಿದರೆ ಪೂರ್ತಿ ವಾಪಸ್, ಇದು ದೊಡ್ಡ ಅನುಕೂಲ. ಮೈಸೀಕ್ವೆಲ್‌ನಲ್ಲಿ ಇದಿಲ್ಲ. ಅಲ್ಲಿ ಪ್ರತಿ ಆಲ್ಟರ್ ತಾನೇ ಕಮಿಟ್ ಆಗಿಬಿಡುತ್ತದೆ, ಐದರಲ್ಲಿ ಮೂರನೆಯದು ಸೋತರೆ ಅರ್ಧಂಬರ್ಧ ಉಳಿದದ್ದನ್ನು ಕೈಯಾರೆ ಸರಿ ಮಾಡಬೇಕು. ಆದರೆ ಒಂದೇ ಟ್ರಾನ್ಸಾಕ್ಷನ್ ಅಂದಮೇಲೆ ಮೊದಲ ಸಾಲಿನಲ್ಲಿ ಹಿಡಿದ ಲಾಕ್ ಕೊನೆಯ ಸಾಲಿನವರೆಗೆ ಬಿಡುವುದಿಲ್ಲ. ಮೊದಲು ಕಾಲಂ ಸೇರಿಸಿ, ಅದೇ ಫೈಲ್‌ನಲ್ಲಿ ಕೆಳಗೆ ಹಳೆಯ ಸಾಲುಗಳಿಗೆಲ್ಲ ಬೆಲೆ ತುಂಬುವ ಪೈಥಾನ್ ಕೋಡ್ ಬರೆದರೆ, ತುಂಬಿ ಮುಗಿಯುವವರೆಗೆ ಆ ಟೇಬಲ್ ಯಾರಿಗೂ ಸಿಗುವುದಿಲ್ಲ. ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾವಣೆ, ಡೇಟಾ ಬದಲಾವಣೆ ಎರಡನ್ನೂ ಒಂದೇ ಫೈಲ್‌ನಲ್ಲಿ ಹಾಕಬೇಡಿ.

ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಡುವ ಸೂಚಿ) ಸೇರಿಸುವಾಗ ‘ಕಾನ್‌ಕರೆಂಟ್ಲಿ’ ಬಳಸಿ. ಸಾದಾ ಕ್ರಿಯೇಟ್ ಇಂಡೆಕ್ಸ್ ಮುಗಿಯುವವರೆಗೆ ಬರೆಯುವವರನ್ನೆಲ್ಲ ತಡೆಯುತ್ತದೆ. ಜಾಂಗೋ 3.0ರಿಂದ ಇದಕ್ಕೆ ಪ್ರತ್ಯೇಕ ಆಪರೇಷನ್ ಇದೆ. ಇದು ಟ್ರಾನ್ಸಾಕ್ಷನ್ ಒಳಗೆ ಓಡುವುದಿಲ್ಲವಾದ್ದರಿಂದ ಆ ಫೈಲ್‌ನಲ್ಲಿ ಅಟಾಮಿಕ್ ಅನ್ನು ಫಾಲ್ಸ್ ಮಾಡಬೇಕು. ಅರ್ಧಕ್ಕೆ ಸೋತರೆ ‘ಇನ್‌ವ್ಯಾಲಿಡ್’ ಅನ್ನುವ ಹಣೆಪಟ್ಟಿಯ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ. ಓದಲು ಅದು ಉಪಯೋಗಕ್ಕಿಲ್ಲ, ಆದರೆ ಪ್ರತಿ ಬರಹದಲ್ಲೂ ಅದರ ಖರ್ಚು ಇದ್ದೇ ಇರುತ್ತದೆ. ಅಳಿಸಿ ಮತ್ತೆ ಮಾಡಿ. ಮೇಲೆ ಹೇಳಿದ ಮೂರು ಸೆಕೆಂಡ್‌ನ ಟೈಮ್‌ಔಟ್ ಈ ಒಂದು ಕೆಲಸಕ್ಕೆ ತೀರಾ ಕಡಿಮೆ, ಇದಕ್ಕೆ ಮಾತ್ರ ಸಡಿಲಿಸಿ.

ಇನ್ನು ಮೂರನೆಯದು, ಆರ್ಡರ್ ಸೇವ್ ಆಗದ ಎರರ್. ಸೈಟ್ ನಿಂತಿದ್ದಕ್ಕಿಂತ ನಾನು ಇದನ್ನೇ ದೊಡ್ಡದಾಗಿ ನೋಡುತ್ತೇನೆ.

ನಿಮ್ಮ ಮೈಗ್ರೇಷನ್ ಮೇಲೆ ‘ಎಸ್‌ಕ್ಯೂಎಲ್‌ಮೈಗ್ರೇಟ್’ ಓಡಿಸಿ ನೋಡಿ, ಡೇಟಾಬೇಸ್‌ಗೆ ಹೋಗುವ ಆದೇಶಗಳನ್ನು ಅದು ತೋರಿಸುತ್ತದೆ. ಎರಡು ಸಾಲು ಕಾಣುತ್ತವೆ. ಮೊದಲನೆಯದು ನಾಟ್ ನಲ್, ಡೀಫಾಲ್ಟ್ ಖಾಲಿ ಸ್ಟ್ರಿಂಗ್ ಅಂತ ಕಾಲಂ ಸೇರಿಸುತ್ತದೆ. ಎರಡನೆಯದು ಆ ಡೀಫಾಲ್ಟನ್ನು ತೆಗೆದುಹಾಕುತ್ತದೆ! ಜಾಂಗೋ ಮಾಡೆಲ್‌ನಲ್ಲಿ ನೀವು ಬರೆಯುವ ಡೀಫಾಲ್ಟ್ ಪೈಥಾನ್‌ನಲ್ಲಿ ಇರುವಂಥದ್ದು, ಡೇಟಾಬೇಸ್‌ನಲ್ಲಿ ಅಲ್ಲ. ಮೈಗ್ರೇಷನ್ ಮುಗಿದ ಮೇಲೆ ಡೇಟಾಬೇಸ್ ಕಣ್ಣಿಗೆ ಅದು ಡೀಫಾಲ್ಟ್ ಇಲ್ಲದ, ಖಾಲಿ ಬಿಡಬಾರದ ಕಾಲಂ. ಆ ಹೊತ್ತಿಗೆ ಓಡುತ್ತಿರುವುದು ಹಳೆಯ ಕೋಡ್. ಅದಕ್ಕೆ ಈ ಕಾಲಂ ಇದೆಯೆಂದೇ ಗೊತ್ತಿಲ್ಲ. ಅದು ಅದನ್ನು ಬಿಟ್ಟು ಇನ್ಸರ್ಟ್ ಮಾಡಿತು, ಡೇಟಾಬೇಸ್ ಒಪ್ಪಲಿಲ್ಲ. ಹೊಸ ಕೋಡ್ ಎಲ್ಲ ಸರ್ವರ್‌ಗೂ ತಲುಪಿದ ಮೇಲೆ ಸರಿಹೋಯಿತು. ನೀವು ಕಂಡದ್ದು ಇಷ್ಟೇ.

2023ರ ಡಿಸೆಂಬರ್‌ನಲ್ಲಿ ಬಂದ ಜಾಂಗೋ 5.0ರಲ್ಲಿ ‘ಡಿಬಿ ಡೀಫಾಲ್ಟ್’ ಅನ್ನುವ ಆಯ್ಕೆ ಇದೆ, ಅದು ಡೀಫಾಲ್ಟನ್ನು ಡೇಟಾಬೇಸ್‌ನಲ್ಲೇ ಉಳಿಸುತ್ತದೆ. ನೀವು 4.2ರಲ್ಲಿ ಇರುವವರೆಗೆ ಮೊದಲು ನಲ್ ಬಿಡುವ ಕಾಲಂ ಸೇರಿಸಿ, ಆಮೇಲೆ ಬಿಗಿ ಮಾಡಿ.

ಇದರ ಹಿಂದೆ ಒಂದು ದೊಡ್ಡ ವಿಷಯ ಇದೆ. ನನ್ನ ಇಡೀ ಉತ್ತರದಲ್ಲಿ ಒಂದೇ ಒಂದನ್ನು ತಂಡದ ಗೋಡೆಗೆ ಅಂಟಿಸುವುದಾದರೆ ಇದನ್ನು ಅಂಟಿಸಿ: ಸ್ಕೀಮಾ ಬದಲಾಗುವ ಆ ಗಳಿಗೆಯಲ್ಲಿ ಓಡುತ್ತಿರುವ ಕೋಡ್‌ಗೆ ಹೊಸ ಸ್ಕೀಮಾ ನಡೆಯಬೇಕು. ಡೆಪ್ಲಾಯ್ ಅನ್ನುವುದು ಒಂದು ಕ್ಷಣ ಅಲ್ಲ. ಸರ್ವರ್‌ಗಳು ಒಂದೊಂದಾಗಿ ಬದಲಾಗುತ್ತವೆ, ಅಷ್ಟೂ ಹೊತ್ತು ಹಳೆಯ ಕೋಡ್, ಹೊಸ ಕೋಡ್ ಎರಡೂ ಒಂದೇ ಡೇಟಾಬೇಸ್ ಜೊತೆ ಮಾತಾಡುತ್ತಿರುತ್ತವೆ. ಹಿನ್ನೆಲೆ ಕೆಲಸ ಮಾಡುವ ಸೆಲರಿ ವರ್ಕರ್‌ಗಳನ್ನು ಮರೆಯಬೇಡಿ. ವೆಬ್ ಸರ್ವರ್ ಎಲ್ಲ ಹೊಸದಾಗಿದ್ದರೂ ಯಾವುದೋ ಒಂದು ವರ್ಕರ್ ಅರ್ಧ ಗಂಟೆಯ ಕೆಲಸ ಹಿಡಿದು ಹಳೆಯ ಕೋಡ್‌ನಲ್ಲೇ ಕೂತಿರುತ್ತದೆ.

ಒಂದು ಪೂರ್ತಿ ಉದಾಹರಣೆ ಹೇಳುತ್ತೇನೆ. ಆರ್ಡರ್ ಮೊತ್ತವನ್ನು ರೂಪಾಯಿಯಲ್ಲಿ, ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಹಾಗೆ ಇಡಬಾರದು, ಆದರೆ ಇಟ್ಟಿರುವವರು ಬೇಕಾದಷ್ಟು ಇದ್ದಾರೆ. ಅದನ್ನು ಪೈಸೆಯಲ್ಲಿ, ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ) ಆಗಿ ಬದಲಿಸಬೇಕು. ಹಳೆಯ ಕಾಲಂನ ಟೈಪನ್ನೇ ಬದಲಿಸಿದರೆ ಇಡೀ ಟೇಬಲ್ ಹೊಸದಾಗಿ ಬರೆಯಬೇಕು, ಮೇಲಾಗಿ ಹಳೆಯ ಕೋಡ್ 250 ರೂಪಾಯಿಯನ್ನು 25000 ಅಂತ ಓದುತ್ತದೆ. ಹಾಗಾಗಿ ಹೊಸ ಕಾಲಂ ಸೇರಿಸಿ, ನಲ್ ಇರಲಿ. ಇದು ಒಂದು ಡೆಪ್ಲಾಯ್.

ಮುಂದಿನ ಡೆಪ್ಲಾಯ್‌ನಲ್ಲಿ ಕೋಡ್ ಎರಡೂ ಕಾಲಂಗೆ ಬರೆಯಲಿ, ಓದುವುದು ಹಳೆಯದರಿಂದಲೇ. ಇಲ್ಲಿ ಎಡವುವವರು ಜಾಸ್ತಿ. ಮಾಡೆಲ್‌ನ ಸೇವ್ ಮೆಥಡ್‌ನಲ್ಲಿ ಎರಡು ಸಾಲು ಬರೆದು ಆಯಿತು ಅಂದುಕೊಳ್ಳುತ್ತಾರೆ. ಕ್ವೆರಿಸೆಟ್‌ನ ಅಪ್‌ಡೇಟ್, ಬಲ್ಕ್ ಕ್ರಿಯೇಟ್ ಇವು ಸೇವ್ ಮೆಥಡನ್ನು ಕರೆಯುವುದೇ ಇಲ್ಲ. ನೇರ ಎಸ್‌ಕ್ಯೂಎಲ್ ಬರೆದ ಯಾವುದೋ ಹಳೆಯ ಸ್ಕ್ರಿಪ್ಟ್ ಇದ್ದರೆ ಅದೂ ಕರೆಯುವುದಿಲ್ಲ. ಆ ಮೊತ್ತಕ್ಕೆ ಬರೆಯುವ ಜಾಗಗಳನ್ನೆಲ್ಲ ಹುಡುಕಿ. ಎಲ್ಲ ಸಿಕ್ಕಿತೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಡೇಟಾಬೇಸ್‌ನಲ್ಲೇ ಒಂದು ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ಹಾಕಿ. ಟ್ರಿಗರ್ ಅಂದರೆ ಮೂಗು ಮುರಿಯುವವರು ಇದ್ದಾರೆ, ಎರಡು ವಾರದ ಮಟ್ಟಿಗೆ ಅದರಷ್ಟು ನಂಬಿಕಸ್ಥ ಬೇರೆ ಇಲ್ಲ.

ಹಳೆಯ ಕೋಡ್ ಎಲ್ಲೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ ಹಳೆಯ ಸಾಲುಗಳನ್ನು ತುಂಬಿ. ಅದಕ್ಕೂ ಮುಂಚೆ ತುಂಬಿದರೆ, ನೀವು ತುಂಬಿದ ಸಾಲನ್ನೇ ಹಳೆಯ ಕೋಡ್ ಬದಲಿಸಿ, ಎರಡು ಕಾಲಂಗಳ ತಾಳ ತಪ್ಪುತ್ತದೆ. ತುಂಬುವ ಕೆಲಸ ಮೈಗ್ರೇಷನ್‌ನಲ್ಲಿ ಬೇಡ, ಮ್ಯಾನೇಜ್‌ಮೆಂಟ್ ಕಮಾಂಡ್ ಆಗಿ ಇರಲಿ. ಪ್ರೈಮರಿ ಕೀ ಹಿಡಿದು ಐದು ಸಾವಿರ ಸಾಲು, ಕಮಿಟ್, ಸ್ವಲ್ಪ ಬಿಡುವು, ಮತ್ತೆ ಐದು ಸಾವಿರ. ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಯುವಂತಿರಲಿ. ಯಾಕೆ ಇಷ್ಟು ಸಣ್ಣ ತುತ್ತು ಅಂದರೆ, ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಅಂದರೆ ಸಾಲಿನ ಹೊಸ ಪ್ರತಿ ಬರೆದು ಹಳೆಯದನ್ನು ಸತ್ತದ್ದು ಅಂತ ಬಿಡುವುದು. ನಾಲ್ಕು ಕೋಟಿ ಸಾಲನ್ನು ಒಂದೇ ಅಪ್‌ಡೇಟ್‌ನಲ್ಲಿ ಬದಲಿಸಿದರೆ ಟೇಬಲ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅದು ಮುಗಿಯುವವರೆಗೆ ಪೋಸ್ಟ್‌ಗ್ರೆಸ್‌ನ ಶುಚಿ ಕೆಲಸಗಾರ ವ್ಯಾಕ್ಯೂಮ್ ಆ ಕಸ ಗುಡಿಸಲಾರದು. ರೆಪ್ಲಿಕಾ (ಡೇಟಾಬೇಸ್‌ನ ನಕಲು ಸರ್ವರ್) ಇದ್ದರೆ ಅದೂ ಹಿಂದೆ ಬೀಳುತ್ತದೆ.

ಆಮೇಲೆ ಹೋಲಿಸಿ. ಹಳೆಯದನ್ನು ನೂರರಿಂದ ಗುಣಿಸಿ ರೌಂಡ್ ಮಾಡಿದ್ದಕ್ಕೂ ಹೊಸದಕ್ಕೂ ವ್ಯತ್ಯಾಸ ಇರುವ ಸಾಲು ಎಷ್ಟು? ಸೊನ್ನೆ ಬರುವವರೆಗೆ ಮುಂದೆ ಹೋಗಬೇಡಿ. ಸೊನ್ನೆ ಬರದಿದ್ದರೆ ನಿಮಗೆ ಗೊತ್ತಿಲ್ಲದ ಒಬ್ಬ ಬರಹಗಾರ ಎಲ್ಲೋ ಕೂತಿದ್ದಾನೆ. ಸೊನ್ನೆ ಬಂದ ಮೇಲೆ ಓದುವುದನ್ನು ಹೊಸ ಕಾಲಂಗೆ ತಿರುಗಿಸಿ, ಒಂದು ವಾರ ಹಾಗೇ ಬಿಡಿ. ತಿಂಗಳ ಕೊನೆಯ ಲೆಕ್ಕ ಒಂದು ಸಲ ಮುಗಿಯಲಿ.

ಹೊಸ ಕಾಲಂಗೆ ನಾಟ್ ನಲ್ ಹಾಕುವಾಗಲೂ ಒಂದು ಉಪಾಯ ಇದೆ. ನೇರವಾಗಿ ಹಾಕಿದರೆ ಲಾಕ್ ಹಿಡಿದುಕೊಂಡೇ ಪೂರ್ತಿ ಟೇಬಲ್ ಓದುತ್ತದೆ. ಅದರ ಬದಲು ಮೊದಲು ‘ನಾಟ್ ವ್ಯಾಲಿಡ್’ ಅಂತ ಒಂದು ಚೆಕ್ ಕನ್‌ಸ್ಟ್ರೇಂಟ್ (ಈ ಕಾಲಂ ನಲ್ ಇರಬಾರದು ಅನ್ನುವ ನಿಯಮ) ಸೇರಿಸಿ, ಇದು ತಕ್ಷಣ ಆಗುತ್ತದೆ. ಬೇರೆ ಹೆಜ್ಜೆಯಲ್ಲಿ ವ್ಯಾಲಿಡೇಟ್ ಮಾಡಿ, ಇದು ಟೇಬಲ್ ಓದುತ್ತದೆ ಆದರೆ ಯಾರನ್ನೂ ತಡೆಯುವುದಿಲ್ಲ. ಈಗ ನಾಟ್ ನಲ್ ಹಾಕಿ. ಪೋಸ್ಟ್‌ಗ್ರೆಸ್ 12ರಿಂದ ಅದು ಆ ಚೆಕ್ಕನ್ನು ನೋಡಿ, ಮತ್ತೆ ಓದದೆ ಒಪ್ಪಿಕೊಳ್ಳುತ್ತದೆ.

ಕೊನೆಗೆ ಹಳೆಯ ಕಾಲಂ ತೆಗೆಯುವುದು. ಮೊದಲು ಅದರ ನಾಟ್ ನಲ್ ತೆಗೆಯಿರಿ. ಇಲ್ಲದಿದ್ದರೆ ಅದಕ್ಕೆ ಬರೆಯುವುದನ್ನು ನಿಲ್ಲಿಸಿದ ದಿನ ಎಲ್ಲ ಇನ್ಸರ್ಟೂ ಸೋಲುತ್ತದೆ, ನಿಮಗೆ ಹೋದ ತಿಂಗಳು ಆದದ್ದೇ ಮತ್ತೆ ಆಗುತ್ತದೆ. ಟ್ರಿಗರ್ ಹಾಕಿದ್ದರೆ ಅದನ್ನೂ ಈಗ ತೆಗೆಯಿರಿ. ಆಮೇಲೆ ಮಾಡೆಲ್‌ನಿಂದ ಫೀಲ್ಡ್ ತೆಗೆಯಿರಿ, ಕಾಲಂ ಮಾತ್ರ ಡೇಟಾಬೇಸ್‌ನಲ್ಲಿ ಇರಲಿ. ಜಾಂಗೋ ಪ್ರತಿ ಸೆಲೆಕ್ಟ್‌ನಲ್ಲೂ ತನಗೆ ಗೊತ್ತಿರುವ ಕಾಲಂಗಳ ಹೆಸರನ್ನೆಲ್ಲ ಬರೆಯುತ್ತದೆ. ಫೀಲ್ಡ್ ಇರುವ ಹಳೆಯ ಕೋಡ್ ಓಡುವಾಗ ಕಾಲಂ ಮಾಯವಾದರೆ ಓದುವುದೂ ನಿಲ್ಲುತ್ತದೆ. ‘ಸೆಪರೇಟ್ ಡೇಟಾಬೇಸ್ ಅಂಡ್ ಸ್ಟೇಟ್’ ಅನ್ನುವ ಆಪರೇಷನ್ ಇರುವುದು ಇಂಥದ್ದಕ್ಕೇ. ಒಂದು ಡೆಪ್ಲಾಯ್‌ನಲ್ಲಿ ಜಾಂಗೋದ ಲೆಕ್ಕದಿಂದ ತೆಗೆಯಿರಿ, ಮುಂದಿನದರಲ್ಲಿ ಡೇಟಾಬೇಸ್‌ನಿಂದ.

ಇಷ್ಟೆಲ್ಲ ಮಾಡಬೇಕಾ ಅಂತ ಸುಸ್ತಾಯಿತಲ್ವಾ? ಎಲ್ಲದಕ್ಕೂ ಬೇಡ. ಐನೂರು ಸಾಲಿನ ಸೆಟ್ಟಿಂಗ್ಸ್ ಟೇಬಲ್‌ಗೆ ತುಂಬುವ ಕಮಾಂಡ್, ಚೆಕ್ ಕನ್‌ಸ್ಟ್ರೇಂಟ್ ಎಲ್ಲ ಬೇಕಿಲ್ಲ. ಹಾಗೇ ಕೆಲವು ಬದಲಾವಣೆಗಳನ್ನು ಮಾಡದೇ ಇರುವುದೇ ಜಾಣತನ. ಕಾಲಂ ಹೆಸರು ಚೆನ್ನಾಗಿಲ್ಲ ಅಂತ ಬದಲಿಸುವುದು ಅದರಲ್ಲಿ ಮೊದಲನೆಯದು. ಜಾಂಗೋ ಫೀಲ್ಡ್‌ಗೆ ಹೊಸ ಹೆಸರು ಕೊಟ್ಟು, ‘ಡಿಬಿ ಕಾಲಂ’ನಲ್ಲಿ ಹಳೆಯ ಹೆಸರು ಬರೆದುಬಿಡಿ. ಡೇಟಾಬೇಸ್‌ಗೆ ತಿಳಿಯುವುದೇ ಇಲ್ಲ, ಕೋಡ್ ಓದುವವರಿಗೂ ಸಮಾಧಾನ.

ಆದರೆ ಒಂದು ಬದಲಾವಣೆಯನ್ನು ಮುಂದೂಡಬೇಡಿ. ಆರ್ಡರ್ ಟೇಬಲ್‌ನ ಐಡಿ ಯಾವ ಟೈಪ್ ಅಂತ ಇವತ್ತೇ ನೋಡಿ. ಸಾದಾ ಇಂಟಿಜರ್ ಆಗಿದ್ದರೆ ಅದರ ಮಿತಿ 2147483647. 2018ರ ನವೆಂಬರ್‌ನಲ್ಲಿ ಬೇಸ್‌ಕ್ಯಾಂಪ್ ಅನ್ನುವ ಪ್ರಾಜೆಕ್ಟ್ ನಿರ್ವಹಣೆ ಸೇವೆಯ ಒಂದು ಟೇಬಲ್ ಈ ಸಂಖ್ಯೆ ಮುಟ್ಟಿ, ಗ್ರಾಹಕರಿಗೆ ಗಂಟೆಗಟ್ಟಲೆ ಓದಲು ಮಾತ್ರ ಸಾಧ್ಯ, ಬರೆಯಲು ಇಲ್ಲ ಅನ್ನುವ ಸ್ಥಿತಿ ಬಂತು. ಐಡಿ ಬದಲಿಸುವುದೂ ಮೇಲೆ ಹೇಳಿದ ಹೆಜ್ಜೆಗಳೇ, ಆದರೆ ಅದನ್ನು ಹಿಡಿದ ಎಲ್ಲ ಫಾರಿನ್ ಕೀಗಳನ್ನೂ (ಬೇರೆ ಟೇಬಲ್‌ಗಳಲ್ಲಿ ಈ ಐಡಿಯನ್ನು ತೋರಿಸುವ ಕಾಲಂಗಳು) ಬದಲಿಸಬೇಕು. ಟೇಬಲ್ ಚಿಕ್ಕದಿರುವಾಗ ಸುಲಭ.

ರೋಲ್‌ಬ್ಯಾಕ್ ಬರೆಯಲೇಬೇಕಾ ಅಂದಿರಿ. ಲೋಕಲ್‌ಗೆ ಬರೆಯಿರಿ, ಪ್ರೊಡಕ್ಷನ್‌ನಲ್ಲಿ ಅದನ್ನು ನಂಬಬೇಡಿ. ಬ್ರಾಂಚ್ ಬದಲಿಸುವಾಗ ಹಿಂದೆ ಹೋಗಲು ಬೇಕೇ ಬೇಕು. ಪೈಥಾನ್ ಕೋಡ್ ಓಡಿಸುವ ಮೈಗ್ರೇಷನ್‌ಗೆ ಕನಿಷ್ಠ ‘ಏನೂ ಮಾಡಬೇಡ’ ಅನ್ನುವ ವಾಪಸ್ ಹೆಜ್ಜೆಯಾದರೂ ಇರಲಿ, ಇಲ್ಲದಿದ್ದರೆ ಮಿಕ್ಕವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದೇ ಕೋಡ್‌ನಲ್ಲಿ ಮಾಡೆಲನ್ನು ನೇರ ಇಂಪೋರ್ಟ್ ಮಾಡದೆ, ಮೈಗ್ರೇಷನ್‌ಗೆ ಸಿಗುವ ‘ಆಪ್ಸ್’ನಿಂದ ಆ ಕಾಲದ ಮಾಡೆಲ್ ಪಡೆಯಿರಿ. ಆದರೆ ಪ್ರೊಡಕ್ಷನ್‌ನಲ್ಲಿ ಕಾಲಂ ತೆಗೆದದ್ದನ್ನು ವಾಪಸ್ ಮಾಡಿದರೆ ಬರುವುದು ಖಾಲಿ ಕಾಲಂ, ಒಳಗಿದ್ದ ಡೇಟಾ ಬರುವುದಿಲ್ಲ. ಕಾಲಂ ಸೇರಿಸಿದ್ದನ್ನು ವಾಪಸ್ ಮಾಡಿದರೆ ಆ ಅರ್ಧ ಗಂಟೆಯಲ್ಲಿ ಗ್ರಾಹಕರು ತುಂಬಿದ್ದು ಹೋಗುತ್ತದೆ. ಪ್ರತಿ ಹೆಜ್ಜೆಯೂ ಹಿಂದಿನ ಕೋಡ್‌ಗೆ ಒಗ್ಗುವಂತಿದ್ದರೆ, ತೊಂದರೆ ಬಂದಾಗ ಕೋಡ್ ಮಾತ್ರ ಹಿಂದಕ್ಕೆ ತನ್ನಿ, ಸ್ಕೀಮಾ ಮುಟ್ಟಬೇಡಿ.

ಇನ್ನು ನಿಮ್ಮ ಮ್ಯಾನೇಜರ್ ಮಾತು. ಅವರ ಭಯ ಅರ್ಥವಾಗುತ್ತದೆ. ಆದರೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿದರೆ ಅವರು ರಜೆ ಹಾಕಿದ ವಾರ ಕೆಲಸ ನಿಲ್ಲುತ್ತದೆ, ಉಳಿದ ಏಳು ಜನ ಡೇಟಾಬೇಸ್ ಕಲಿಯುವುದೇ ಇಲ್ಲ. ಎಲ್ಲರೂ ಬರೆಯಲಿ, ಇನ್ನೊಬ್ಬರು ಓದಲಿ. ಓದಬೇಕಾದದ್ದು ಪೈಥಾನ್ ಫೈಲ್ ಅಲ್ಲ, ಅದರಿಂದ ಹೊರಡುವ ಎಸ್‌ಕ್ಯೂಎಲ್. ‘ಎಸ್‌ಕ್ಯೂಎಲ್‌ಮೈಗ್ರೇಟ್’ ಕೊಟ್ಟದ್ದನ್ನು ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಮರ್ಜ್ ಮಾಡಲು ಕೇಳುವ ಮನವಿ) ಅಂಟಿಸುವುದು ಕಡ್ಡಾಯ ಮಾಡಿ. ನಿಮ್ಮ ಆ ಕಾಲಂನ ಎರಡನೇ ಸಾಲು ಅಲ್ಲಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಓದುವವರು ಕೇಳಬೇಕಾದದ್ದು ಎರಡು ಮೂರೇ: ಯಾವ ಲಾಕ್ ಹಿಡಿಯುತ್ತದೆ, ಎಷ್ಟು ಹೊತ್ತು? ಈಗ ಓಡುತ್ತಿರುವ ಕೋಡ್‌ಗೆ ಇದು ನಡೆಯುತ್ತದಾ? ಮಧ್ಯೆ ನಿಂತರೆ ಏನು ಉಳಿಯುತ್ತದೆ? ‘ಸ್ಕ್ವಾಕ್’ ಮತ್ತು ‘ಜಾಂಗೋ-ಮೈಗ್ರೇಷನ್-ಲಿಂಟರ್’ ಅನ್ನುವ ಸಲಕರಣೆಗಳು ಇಂಥ ಬಹಳಷ್ಟನ್ನು ಸಿಐನಲ್ಲೇ ಹಿಡಿಯುತ್ತವೆ.

ಸಲಕರಣೆ ಇದೆ ಅಂತ ಪೂರ್ತಿ ನಿಶ್ಚಿಂತೆ ಬೇಡ. ಗಿಟ್‌ಹಬ್‌ನವರು ದೊಡ್ಡ ಮೈಸೀಕ್ವೆಲ್ ಟೇಬಲ್‌ಗಳನ್ನು ನಿಲ್ಲಿಸದೆ ಬದಲಿಸಲು ಗೋಸ್ಟ್ ಅನ್ನುವ ತಂತ್ರಾಂಶವನ್ನೇ ಬರೆದು 2016ರಲ್ಲಿ ಎಲ್ಲರಿಗೂ ಕೊಟ್ಟರು. ಅಂಥವರಿಗೂ 2021ರ ನವೆಂಬರ್‌ನಲ್ಲಿ ಒಂದು ದೊಡ್ಡ ಟೇಬಲ್‌ನ ಮೈಗ್ರೇಷನ್‌ನ ಕೊನೆಯ ಹೆಜ್ಜೆಯಲ್ಲಿ, ಹೆಸರು ಅದಲುಬದಲು ಮಾಡುವಾಗ, ಓದುವ ರೆಪ್ಲಿಕಾಗಳು ಸಿಕ್ಕಿಹಾಕಿಕೊಂಡು ಸೇವೆ ಎರಡು ಗಂಟೆಗೂ ಮೇಲೆ ಕುಂಟಿತು.

ಮೈಗ್ರೇಷನ್ ಓಡಿಸುವುದು ಮಾತ್ರ ಒಂದೇ ಕಡೆಯಿಂದ ಆಗಲಿ. ಅದು ವ್ಯಕ್ತಿ ಅಲ್ಲ, ಡೆಪ್ಲಾಯ್ ಪೈಪ್‌ಲೈನ್‌ನ ಒಂದು ಹೆಜ್ಜೆ. ಕಂಟೇನರ್ (ನಿಮ್ಮ ಕೋಡ್ ಓಡುವ ಪ್ರತ್ಯೇಕ ಪೆಟ್ಟಿಗೆ) ಶುರುವಾಗುವಾಗ ಮೈಗ್ರೇಟ್ ಓಡಿಸುವ ಅಭ್ಯಾಸ ಇದ್ದರೆ ಬಿಡಿ. ನಾಲ್ಕು ಕಂಟೇನರ್ ಒಟ್ಟಿಗೆ ಎದ್ದರೆ ನಾಲ್ಕೂ ಓಡಿಸಲು ಹೋಗುತ್ತವೆ. ರೇಲ್ಸ್, ಫ್ಲೈವೇ, ಲಿಕ್ವಿಬೇಸ್ ಇವು ಒಂದು ಸಲಕ್ಕೆ ಒಬ್ಬರೇ ಅಂತ ತಾವೇ ಲಾಕ್ ಹಾಕಿಕೊಳ್ಳುತ್ತವೆ, ಜಾಂಗೋದಲ್ಲಿ ಅದಿಲ್ಲ. ಸೇರಿಸುವ ಬದಲಾವಣೆ ಕೋಡ್‌ಗೆ ಮೊದಲು, ತೆಗೆಯುವ ಬದಲಾವಣೆ ಕೋಡ್ ಪೂರ್ತಿ ಹೋದಮೇಲೆ. ಶುಕ್ರವಾರ ಸಂಜೆ ಎರಡೂ ಬೇಡ.

ಉಳಿದದ್ದು ಹಳೆಯ ಮುನ್ನೂರು ಫೈಲ್. ಅವುಗಳಿಂದ ನಿಮಗೆ ನಿಜವಾಗಿ ಏನು ತೊಂದರೆ? ಟೆಸ್ಟ್ ಶುರುವಾಗಲು ತಡವಾಗುತ್ತದೆ ಅಂತಾದರೆ ಲೋಕಲ್‌ನಲ್ಲಿ ‘ಕೀಪ್‌ಡಿಬಿ’ ಆಯ್ಕೆ ಕೊಟ್ಟು (ಟೆಸ್ಟ್ ಡೇಟಾಬೇಸನ್ನು ಅಳಿಸದೆ ಇಟ್ಟುಕೊಳ್ಳುವುದು) ಟೆಸ್ಟ್ ಓಡಿಸಿ, ಹೆಚ್ಚಿನ ಕಿರಿಕಿರಿ ಅಲ್ಲಿಗೇ ಹೋಗುತ್ತದೆ. ಆದರೂ ಸಾಲದಿದ್ದರೆ ಹಲವು ಫೈಲ್‌ಗಳನ್ನು ಒಂದಾಗಿ ಕೂಡಿಸುವ ‘ಸ್ಕ್ವಾಶ್‌ಮೈಗ್ರೇಷನ್ಸ್’ ಇದೆ. ಒಂದು ಆಪ್ ಒಂದು ಸಲಕ್ಕೆ. ಹೊಸ ಕೂಡಿಸಿದ ಫೈಲ್ ಹಾಕಿ, ಹಳೆಯವನ್ನು ಹಾಗೇ ಬಿಡಿ. ಪ್ರೊಡಕ್ಷನ್, ಸ್ಟೇಜಿಂಗ್, ಎಂಟೂ ಜನರ ಲ್ಯಾಪ್‌ಟಾಪ್ ಎಲ್ಲ ಕಡೆ ಅದು ದಾಖ‌ಲಾದ ಮೇಲೆ ಹಳೆಯ ಫೈಲ್‌ಗಳನ್ನೂ, ಹೊಸದರಲ್ಲಿನ ‘ರೀಪ್ಲೇಸಸ್’ ಪಟ್ಟಿಯನ್ನೂ ಅಳಿಸಿ. ಹಳೆಯದರಲ್ಲಿ ಕೈಯಲ್ಲಿ ಬರೆದ ಡೇಟಾ ಮೈಗ್ರೇಷನ್‌ಗಳಿದ್ದರೆ ಕೂಡಿಸಿದ ಫೈಲನ್ನು ಒಮ್ಮೆ ಕೂತು ಓದಿ, ಅವನ್ನು ಸ್ಕ್ವಾಶ್ ತಾನಾಗಿ ಚೊಕ್ಕ ಮಾಡುವುದಿಲ್ಲ. ಲಾಕ್ ಟೈಮ್‌ಔಟ್ ಹಾಕುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇದಲ್ಲ. ಅದು ಈ ವಾರದ್ದು, ಇದು ಯಾವಾಗಲಾದರೂ ಬಿಡುವಾದಾಗ.